ಮಾವನ ಒಂದೇ ಒಂದು ಇಟಾಲಿಯನ್ ಕ್ರಿಯಾಪದ

ನಮ್ಮ ಸೋದರಮಾವನಿಗೆ ಇಟಾಲಿಯನ್ ಬರುತ್ತದೆ! ನಗಬೇಡಿ, ಸುಳ್ಳಲ್ಲ. ಭದ್ರಾವತಿಯಲ್ಲಿ ಹುಟ್ಟಿ, ಭದ್ರಾವತಿಯಲ್ಲೇ ಬೆಳೆದು, ಕಬ್ಬಿಣದ ಕಾರ್ಖಾನೆಯ ಫರ್ನೇಸಿನ ಮುಂದೆ ಮೂವತ್ತಾರು ವರ್ಷ ನಿಂತು ನಿವೃತ್ತರಾದ, ಪಾಸ್‌ಪೋರ್ಟ್ ಯಾವ ಬಣ್ಣಕ್ಕಿರುತ್ತದೆ ಎಂದೂ ತಿಳಿಯದ ಮನುಷ್ಯನಿಗೆ ಇಟಾಲಿಯನ್ ಬರುತ್ತದೆ. ಪೂರ್ತಿ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಒಂದು ಕ್ರಿಯಾಪದ ಬರುತ್ತದೆ. ಅದೂ ಇಟಲಿಯವರೇ ಮಾತಿನಲ್ಲಿ ಬಳಸುವುದನ್ನು ಬಿಟ್ಟು, ಹಳೆಯ ಕಾವ್ಯಕ್ಕೂ ಗ್ರಂಥಸ್ಥ ಬರವಣಿಗೆಗೂ ಬಿಟ್ಟುಕೊಟ್ಟಿರುವ ಕ್ರಿಯಾಪದ. ಹಾಗಾಗಿ ಆ ಶಬ್ದವನ್ನು ದಿನಕ್ಕೆ ಇಪ್ಪತ್ತು ಸಲ ಬಾಯಿಬಿಟ್ಟು ಹೇಳುವ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ರೋಮಿನಲ್ಲಿಲ್ಲ, ಭದ್ರಾವತಿಯ ಹಳೇನಗರದಲ್ಲಿದ್ದಾರೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಶಬ್ದ ಯಾವುದು ಅಂದಿರಾ? 'ಕಲೇರೆ'. ಪ್ರಯೋಗದಲ್ಲಿ ಅದು 'ನೋನ್ ಮಿ ಕಾಲೆ' ಎಂದಾಗುತ್ತದೆ. ನನಗದು ಏನೂ ಅಲ್ಲ, ನನಗೆ ಅದರ ಗೊಡವೆ ಇಲ್ಲ ಎಂದರ್ಥ. ನಮ್ಮ ಕಡೆ ಹೇಳುವುದಾದರೆ, 'ನಂಗೇನಾಗ್ಬೇಕು ಮಾರಾಯಾ?'

ಇದು ಮಾವನ ಕೈಗೆ ಸಿಕ್ಕಿದ ಕಥೆಯೇ ಒಂದು ಪುರಾಣ. ನಿವೃತ್ತರಾದ ಮೇಲೂ ಅವರ ತಲೆ ಕಾರ್ಖಾನೆಯಿಂದ ಮನೆಗೆ ಬಂದಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹಳೆಯ ಜೂನಿಯರ್‌ಗಳಿಗೆ ಫೋನ್ ಮಾಡಿ, "ಬಿಸಿ ಎಷ್ಟಿದೆಯಪ್ಪಾ ಇವತ್ತು?" ಎಂದು ಕೇಳುವುದು. ಮನೆಯಲ್ಲಿ ಗ್ಯಾಸ್ ಆಫ್ ಆಗಿದೆಯಾ ಎಂದು ನಾಲ್ಕು ಸಲ ನೋಡುವುದು, ನೋಡಿದ್ದು ಸರಿಯಾಗಿ ನೋಡಿದೆನಾ ಎಂದು ಐದನೇ ಸಲ ನೋಡುವುದು. ರಕ್ತದೊತ್ತಡ ಏರಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಯಾವುದಕ್ಕೂ ತಲೆ ಕೆಡಿಸ್ಕೋಬೇಡಿ ಸಾರ್" ಎಂದರು. ಅದೇ ವಾರ ಮಾವ ಹಳೇ ಪೇಪರ್ ಹಾಕಲು ಗುಜರಿ ಅಂಗಡಿಗೆ ಹೋದರು. ಅಂಗಡಿಯ ಸಾಬರು ಒಂದು ರಟ್ಟಿಲ್ಲದ ದಪ್ಪ ಪುಸ್ತಕ ಕೈಗಿಟ್ಟು, "ತಗೊಂಡ್ಹೋಗಿ ಸಾರ್, ಇಂಗ್ಲಿಷ್ ಬುಕ್ಕು, ಅಚ್ಛಾ ಮಾಲು" ಎಂದರು. ಅದು ಇಟಾಲಿಯನ್-ಇಂಗ್ಲಿಷ್ ನಿಘಂಟು. ಭದ್ರಾವತಿಗೆ ಅದು ಹೇಗೆ ಬಂತು ಎಂದು ದೇವರಿಗೂ ಗೊತ್ತಿಲ್ಲ. 'ಎ' ಮತ್ತು 'ಬಿ' ಎರಡೂ ಕಡಲೆಕಾಯಿ ಪೊಟ್ಟಣಗಳಾಗಿ ಊರೆಲ್ಲ ಹಂಚಿಹೋಗಿದ್ದವು. 'ಸಿ'ಯಲ್ಲೂ ಒಂದಿಷ್ಟು ಹೋಗಿತ್ತು. ಹರಿಯದೆ ಉಳಿದ ಮೊದಲ ಪುಟದ ಮೊದಲ ಪೂರ್ತಿ ಶಬ್ದ 'ಕಲೇರೆ'. ಅರ್ಥ ನೋಡಿದರೆ ಡಾಕ್ಟರು ಹೇಳಿದ ಮಾತೇ ಇಟಾಲಿಯನ್‌ನಲ್ಲಿದೆ! ಅಂದಿನಿಂದ ಬೆಳಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ, ನಡುವೆ ಬೇಕಾದಷ್ಟು 'ನೋನ್ ಮಿ ಕಾಲೆ'.

ಇದಾಗಿ ನಾಲ್ಕು ವರ್ಷವಾಯಿತು. ಮಾವ ಇನ್ನೂ ಎರಡನೇ ಶಬ್ದಕ್ಕೆ ಹೋಗಿಲ್ಲ.

"'ಡಿ'ಗೆ ಯಾವಾಗ ಬರ್ತೀರಿ ಮಾವ?" ಎಂದು ಕೇಳಿದರೆ, "ಇದೇ ಇನ್ನೂ ಪೂರ್ತಿ ಕರಗಿಲ್ಲ ಮಾರಾಯ್ತಿ. ಕರಗದೇ ಇರೋದನ್ನ ಅಚ್ಚಿಗೆ ಹುಯ್ಯಕ್ಕಾಗುತ್ತಾ?" ಎನ್ನುತ್ತಾರೆ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಮನೆ ದುರ್ಗಿಗುಡಿಯಲ್ಲಿ. ವ್ಯಾಕರಣ ಪಾಠ ಮಾಡುವ ಸೊಸೆಯೊಬ್ಬಳು ಅರ್ಧ ಗಂಟೆಯ ಬಸ್ ದಾರಿಯಲ್ಲಿ ಸಿಕ್ಕರೆ ಇಂಥ ವಿದ್ವಾಂಸರು ಬಿಡುತ್ತಾರೆಯೇ? ಭಾನುವಾರ ಬಂತೆಂದರೆ ಬಗಲಲ್ಲಿ ನಿಘಂಟು, ಬಾಯಲ್ಲಿ ಸಂಶೋಧನೆ, ನಮ್ಮ ಮನೆಯ ಬಾಗಿಲಲ್ಲಿ ಮಾವ. ಒಂದು ಭಾನುವಾರ ನಾನು ಕಾಫಿ ಲೋಟ ಮುಂದಿಟ್ಟ ಕೂಡಲೇ ಅದನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದು ಕೇಳಿದರು:

"ಈಗ ಏನಾಯ್ತು?"

"ಬಿಸಿ ತಟ್ಟಿತು."

"ಅಷ್ಟೇ ನೋಡು! ಈ ಕಲೇರೆಯ ಮೂಲ ಲ್ಯಾಟಿನ್ನು. ಅಲ್ಲಿ ಅದರ ಅರ್ಥ ಬಿಸಿಯಾಗೋದು ಅಂತ. ಇಟಲಿಗೆ ಬರೋ ಹೊತ್ತಿಗೆ 'ನಂಗೆ ಮುಖ್ಯ' ಅಂತಾಯ್ತು. ಯಾಕಾಯ್ತು ಅಂತ ಪಂಡಿತರೆಲ್ಲ ತಲೆ ಕೆರ್ಕೊಳ್ತಾರಂತೆ. ನನ್ನ ಕೇಳಿದ್ರೆ ಫರ್ನೇಸ್ ಮುಂದೆ ಒಂದು ಶಿಫ್ಟ್ ನಿಲ್ಲಿಸಿ ತೋರಿಸ್ತಿದ್ದೆ. ಬಿಸಿ ತಟ್ಟಿದ್ದು ತಾನೇ ಮನುಷ್ಯಂಗೆ ಮುಖ್ಯ ಆಗೋದು!"

ನಿಜ ಹೇಳುತ್ತೇನೆ, ನಾನು ಬೆರಗಾದೆ. ನನ್ನ ಪಾಲಿನ ಪಾಂಡಿತ್ಯವನ್ನೂ ಸೇರಿಸೋಣ ಎಂದು, "ಮಾವ, ಅಲ್ಲಿ 'ಮಿ' ಅಂದರೆ 'ನನಗೆ' ಅಲ್ವಾ? ನಾವೂ 'ನಾನು ಬೇಕು' ಅನ್ನಲ್ಲ, 'ನನಗೆ ಬೇಕು' ಅಂತೀವಿ. ಚತುರ್ಥೀ ವಿಭಕ್ತಿ. ಇಟಾಲಿಯನ್ನವರ ಕಾಲೆಯೂ ನಮ್ಮ ಬೇಕು-ಬೇಡದ ಜಾತಿಯದೇ" ಎಂದೆ. ಮಾವ ಲೋಟ ಕೆಳಗಿಟ್ಟು ಎದ್ದು ನಿಂತರು. "ಹಂಗಾದ್ರೆ ಅವರೂ ನಮ್ಮೋರೇ!" ಎಂದರು. ಅವತ್ತಿನಿಂದ ಟೀವಿಯಲ್ಲಿ ಇಟಲಿಯವರು ಫುಟ್‌ಬಾಲ್ ಆಡಿದರೆ ಮಾವ ನಮ್ಮ ಹುಡುಗರು ಆಡುತ್ತಿದ್ದಾರೆ ಎಂಬಂತೆ ಕೂಗುತ್ತಾರೆ.

ನಾನು ಸುಮ್ಮನಿರಲಾರದೆ ಫೋನಿನಲ್ಲಿ ಇನ್ನಷ್ಟು ಹುಡುಕಿದೆ. ಏನಕ್ಕೂ ಕೇರ್ ಮಾಡದವನಿಗೆ ಇಂಗ್ಲಿಷಿನಲ್ಲಿ 'ನಾನ್‌ಶಲಾಂಟ್' ಎನ್ನುತ್ತಾರಲ್ಲ, ಅದೂ ಫ್ರಾನ್ಸಿನ ದಾರಿಯಲ್ಲಿ ಸುತ್ತಿ ಬಂದ ಇದೇ ಮನೆತನದ ಕುಡಿಯಂತೆ. ಡಯಟ್ ಮಾಡುವವರು ಲೆಕ್ಕ ಹಾಕುವ ಕ್ಯಾಲೊರಿಯೂ ದಾಯಾದಿಯಂತೆ. ಇದನ್ನು ಮಾವನಿಗೆ ಹೇಳಿದ್ದು ನನ್ನದೇ ತಪ್ಪು. ಆ ಯುಗಾದಿಗೆ ಮೂರನೇ ಒಬ್ಬಟ್ಟಿಗೆ ಕೈ ಹಾಕಿದಾಗ ಅತ್ತೆ, "ಡಾಕ್ಟ್ರು ಕ್ಯಾಲೊರಿ ಕಮ್ಮಿ ಮಾಡಿ ಅಂದಿಲ್ವೇನ್ರೀ?" ಎಂದು ಗದರಿದರು. ಮಾವ ತುಪ್ಪ ಹಾಕಿಕೊಳ್ಳುತ್ತಾ, "ಕ್ಯಾಲೊರಿ ಕಮ್ಮಿ ಮಾಡಿ ಅಂದ್ರೆ ತಲೆ ಕೆಡಿಸ್ಕೊಳ್ಳೋದು ಕಮ್ಮಿ ಮಾಡಿ ಅಂತ. ಮೂಲ ಅರ್ಥ ಅದೇ. ಬೇಕಿದ್ರೆ ನಿನ್ನ ಸೊಸೇನ ಕೇಳು" ಎಂದರು. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಇದೇ ಅತ್ತೆಯ ಎದುರು ಒಮ್ಮೆ ನಾನು ಕೇಳಿದ್ದೆ, "'ನೋನ್' ತೆಗೆದು ಬರೀ 'ಮಿ ಕಾಲೆ' ಅಂದರೆ ಏನಾಗುತ್ತೆ ಮಾವ?"

"ಅರ್ಥ ಉಲ್ಟಾ ಆಗುತ್ತೆ. ನಂಗೆ ಬೇಕು, ನಂಗೆ ಬಿಸಿ ತಟ್ಟುತ್ತೆ ಅಂತಾಗುತ್ತೆ. ಆದ್ರೆ ಹಂಗೆ ಯಾರೂ ಅನ್ನಲ್ಲ. ಈ ಕ್ರಿಯಾಪದಕ್ಕೆ 'ಇಲ್ಲ' ಅನ್ನೋದು ಜೊತೆಗಿರಲೇಬೇಕು."

"ನೀವು ಅನ್ನಬಹುದಲ್ಲ?"

"ಛೆ ಛೆ! ವ್ಯಾಕರಣ ಬಿಟ್ಟು ನಡೆಯಕ್ಕಾಗುತ್ತಾ?" ಎಂದು ಕನ್ನಡ ಮೇಷ್ಟ್ರಾದ ನನಗೇ ಬುದ್ಧಿ ಹೇಳಿದರು. ಅತ್ತೆ ಆಗ ಹುರಳಿಕಾಯಿ ಸೋಸುತ್ತಿದ್ದರು. ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಮನೆಯೊಳಗೆ ಇಷ್ಟಾದರೆ ಬೀದಿಯಲ್ಲಿ? ಭದ್ರಾವತಿಯಂಥ ಊರಿನಲ್ಲಿ ಒಂದು ಶಬ್ದ ಬಾಯಿಂದ ಹೊರಬಿದ್ದರೆ ಅದನ್ನು ಹಿಡಿಯಲು ನಾಲ್ಕು ಭಾಷೆಗಳ ಕಿವಿಗಳು ಕಾದಿರುತ್ತವೆ. ಪಕ್ಕದ ಮನೆಯವರು ಮಾವನ ಜೊತೆಗೇ ನಿವೃತ್ತರಾದ ತಮಿಳರು. ಸಂಜೆ ವಾಕಿಂಗಿನಲ್ಲಿ ಮಾವ 'ಕಾಲೆ' ಎಂದಾಗಲೆಲ್ಲ ಅವರು ಆಕಾಶ ನೋಡುತ್ತಿದ್ದರಂತೆ. ಕೊನೆಗೊಂದು ದಿನ ತಡೆಯಲಾರದೆ, "ನಮ್ದ್ರಲ್ಲಿ ಕಾಲೆ ಅಂದ್ರೆ ಬೆಳಗ್ಗೆ ಸಾರ್. ನೀವು ಸಾಯಂಕಾಲ ಆರು ಗಂಟೆಗೆ ಬೆಳಗ್ಗೆ ಬೆಳಗ್ಗೆ ಅಂತಿದ್ದೀರಿ. ಮನೇಲಿ ಒಂದ್ಸಲ ಹೇಳಿ, ಡಾಕ್ಟ್ರಿಗೆ ತೋರಿಸ್ಲಿ" ಎಂದರು. ಗುಜರಿ ಸಾಬರದು ಇನ್ನೊಂದು, ಅವರ ಉರ್ದುವಿನಲ್ಲಿ ಕಾಲೆ ಎಂದರೆ ಕಪ್ಪು. "ಕಬ್ಬಿಣದ ಬೀರು ಬೇಕಾ ಸಾರ್?" ಎಂದು ಕೇಳಿದ್ದಕ್ಕೆ ಮಾವ "ನೋನ್ ಮಿ ಕಾಲೆ" ಎಂದರೆ, "ಕಾಲೇ ಇಲ್ಲ ಸಾರ್, ಬ್ರೌನ್ ಕಲರ್ ಐತೆ!" ಎಂದರು.

ಇನ್ನು ಕನ್ನಡದವರ ಕಿವಿಗೆ ಕೇಳುವುದು ಒಂದೇ. ನೋವು, ನಮ್ಮ ಕಾಲೇ! ಒಂದು ದಿನ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್, "ಸೀಟಿಲ್ಲ ಸಾರ್, ನಿಂತ್ಕೊಂಡೇ ಬರ್ಬೇಕಾಗುತ್ತೆ" ಎಂದ. ಮಾವ ಘನವಾಗಿ, "ನೋನ್ ಮಿ ಕಾಲೆ" ಎಂದರು. ಕಂಡಕ್ಟರ್ ತಕ್ಷಣ ಹಿಂದೆ ತಿರುಗಿ, "ಏ, ಯಾರಾದ್ರೂ ಏಳ್ರೀ! ಹಿರಿಯರು, ಕಾಲು ನೋವಂತೆ!" ಎಂದು ಕೂಗಿದ. ಮೂರು ಜನ ಎದ್ದರು. ಮಾವ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂದು ನನಗೆ ವರದಿ ಒಪ್ಪಿಸಿದರು, "ಇಟಾಲಿಯನ್ನಿಗೆ ಇನ್ನೂ ಎಂಥಾ ಮರ್ಯಾದೆ ಇದೆ ಅಂತೀಯಾ!"

ಸುದ್ದಿ ಹಳೇನಗರದಲ್ಲೆಲ್ಲ ಹರಡಿತು. ಪಾಪ, ಎದುರುಮನೆಯ ಮಲಯಾಳಿ ಮೇಷ್ಟ್ರಿಂದ ಕೊಟ್ಟಕ್ಕಲ್ ಕಡೆಯ ಆಯುರ್ವೇದದ ಎಣ್ಣೆ, ಪಕ್ಕದ ಮನೆಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ, ಗುಜರಿ ಸಾಬರಿಂದ ಹಸಿರು ಬಾಟಲಿಯ ಏನೋ ಒಂದು ಎಣ್ಣೆ ಮಾವನ ಕಾಲಿಗೆಂದು ಬಂದು ಸೇರಿದವು. ಮಾವನ ಕಾಲುಗಳು ಕಬ್ಬಿಣದಂತಿದ್ದವು. ಎಣ್ಣೆಯೆಲ್ಲ ಹೋದದ್ದು ಅತ್ತೆಯ ಮಂಡಿಗಳಿಗೆ. ನಿಜವಾದ ನೋವು ಇದ್ದದ್ದು ಅಲ್ಲಿ.

ಅತ್ತೆಯ ಮಂಡಿ ನೋವಿಗೆ ಆಗಲೇ ಆರು ವರ್ಷ. ಮೊದಲು ಮಹಡಿಯ ಮೆಟ್ಟಿಲು ಹತ್ತುವುದು ಹೋಯಿತು, ಆಮೇಲೆ ನೆಲದ ಮೇಲೆ ಕೂರುವುದು ಹೋಯಿತು. ಮನೆಯಿಂದ ಎರಡು ಮನೆ ಆಚೆ ಅವರ ಗೆಳತಿ ಇದ್ದಾರೆ. ದಿನಾ ಮಧ್ಯಾಹ್ನ ಅಲ್ಲಿ ಇಬ್ಬರೂ ಚೌಕಾಬಾರ ಆಡುವುದು, ಸೋತವರು ಕಾಫಿ ಮಾಡುವುದು ಮೂವತ್ತು ವರ್ಷದ ಪದ್ಧತಿ. ಈ ವರ್ಷ ಮನೆಯ ಮುಂದಿನ ಮೂರು ಮೆಟ್ಟಿಲು ಇಳಿಯಲಾರದೆ ಅದೂ ನಿಂತಿತು. ಅಡಿಗೆಮನೆಯ ಸ್ಟೂಲಿನಿಂದ ಹಾಲಿನ ಕುರ್ಚಿ, ಕುರ್ಚಿಯಿಂದ ಮಂಚ, ಇಷ್ಟಕ್ಕೆ ಅತ್ತೆಯ ಪ್ರಪಂಚ ಇಳಿದಿತ್ತು. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಶಿವಮೊಗ್ಗದ ಡಾಕ್ಟರು ಎಕ್ಸ್‌ರೇ ನೋಡಿ, "ಮಂಡಿ ಬದಲಾಯಿಸೋದೇ ದಾರಿ. ಈಗ ಮಾಡಿಸಿದ್ರೆ ನಡೀತೀರಿ, ತಡ ಮಾಡಿದ್ರೆ ಕಷ್ಟ" ಎಂದರು. ಅತ್ತೆಗೆ ಆಪರೇಷನ್ ಎಂದರೆ ಪ್ರಾಣಭಯ. ಮನೆಗೆ ಬಂದ ಮೇಲೆ ಮಾವನನ್ನು ಕೇಳಿದರು.

"ನೀವೇನಂತೀರಿ?"

ಇಂಥ ಹೊತ್ತಿನಲ್ಲಿ ಮನುಷ್ಯ ಆದವನು ಏನು ಹೇಳಬೇಕು? ನಮ್ಮ ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ನಿನ್ನ ಕಾಲು, ನಿನ್ನಿಷ್ಟ. ನೋನ್ ಮಿ ಕಾಲೆ."

ಅತ್ತೆಯ ಕಣ್ಣು ತುಂಬಿತು. ನಾನು ಅಲ್ಲೇ ಇದ್ದೆ. "ನನ್ನ ಕಾಲು ಬಿದ್ದುಹೋದ್ರೂ ಇವರಿಗೆ ಏನೂ ಅಲ್ಲ ಕಣೆ. ನಾನು ಯಾವ ಆಪರೇಷನ್ನೂ ಮಾಡಿಸ್ಕೊಳ್ಳಲ್ಲ. ಯಾರಿಗೋಸ್ಕರ ನಡೀಬೇಕು?" ಎಂದರು. ಅವತ್ತೇ ಕಾರು ತರಿಸಿ ನನ್ನ ಜೊತೆ ದುರ್ಗಿಗುಡಿಗೆ ಹೊರಟುಬಿಟ್ಟರು. ನನಗೂ ಮಾವನ ಮೇಲೆ ಸಿಟ್ಟು ಬಂದಿತ್ತು. ತಮಾಷೆಗೂ ಒಂದು ಮಿತಿ ಬೇಡವೇ?

ಮಾವ ಮಾರನೇ ದಿನ ಬಂದರು. ಅತ್ತೆಯ ಕನ್ನಡಕ ಮರೆತುಹೋಗಿತ್ತಂತೆ. ಅದರ ಮಾರನೇ ದಿನ ಅವರ ದಿಂಬು ತಂದರು. "ಬೇರೆ ದಿಂಬಿಗೆ ಅವಳಿಗೆ ಕತ್ತು ಹಿಡ್ಕೊಳ್ಳುತ್ತೆ" ಎಂದು ನನ್ನ ಕೈಗೆ ಕೊಟ್ಟು, ಬಾಗಿಲಿಂದಲೇ ಒಳಗೆ ಇಣುಕಿ, "ಹಂಗಂತ ನಂಗೇನೂ ಇಲ್ಲ, ನೋನ್ ಮಿ ಕಾಲೆ" ಎಂದು ಮುಂದಿನ ಬಸ್ಸಿಗೆ ವಾಪಸಾದರು. ಮೂರನೇ ದಿನ ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ. ಅತ್ತೆ ಗೇಟಿನ ಸದ್ದಾದಾಗಲೆಲ್ಲ ನೋಡುತ್ತಿದ್ದರು.

ಐದನೇ ದಿನ ಅತ್ತೆಗೆ ಒಂದು ಫೋನ್ ಬಂತು. ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದವರ ಹೆಂಡತಿ. "ಏನ್ರೀ ಇದು, ನಿಮ್ಮ ಯಜಮಾನ್ರಿಗೆ ಏನಾಗಿದೆ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. "ನಮ್ಮನೆಯವರು ಮಂಡಿ ಆಪರೇಷನ್ ಮಾಡಿಸ್ಕೊಂಡು ಎರಡು ವರ್ಷ ಆಯ್ತು. ನಿಮ್ಮೋರು ನಿನ್ನೆ ಬಂದು ಅವರನ್ನ ಆರು ಸಲ ಮೆಟ್ಟಿಲು ಹತ್ತಿಸಿ ಇಳಿಸಿದ್ರು. ಆಮೇಲೆ ಮಂಡಿ ಹತ್ರ ಕಿವಿ ಇಟ್ಟು, ಒಳಗೆ ಶಬ್ದ ಏನಾದ್ರೂ ಬರುತ್ತಾ ಅಂತ ಕೇಳಿದ್ರು! ಇವತ್ತು ನಮ್ಮನೆಯವರು ಮೈಕೈ ನೋವು ಅಂತ ಮಲಗವ್ರೆ!"

ನಾನು ಅವತ್ತೇ ಭದ್ರಾವತಿಗೆ ಹೋದೆ, ಅತ್ತೆಯ ಸೀರೆ ತರುವ ನೆಪದಲ್ಲಿ. ಮಾವ ಇರಲಿಲ್ಲ. ಗಾಜನೂರಿಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಬೀಗದ ಕೈ ಕೊಟ್ಟರು. ಗಾಜನೂರಿನಲ್ಲಿ ನಮಗೆ ನೆಂಟರಿಲ್ಲ, ಇಷ್ಟರಿಲ್ಲ. ಮೇಜಿನ ಮೇಲೆ ನಿಘಂಟಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ತೆರೆದಿತ್ತು. ಶಿಫ್ಟ್ ರಿಪೋರ್ಟ್ ಬರೆಯುವ ಹಾಗೆ ಗೆರೆ ಎಳೆದು, ಹದಿನಾಲ್ಕು ಜನರ ಹೆಸರು. ವಯಸ್ಸು. ಎಷ್ಟನೇ ದಿನ ಎದ್ದು ನಿಂತರು. ಎಷ್ಟನೇ ದಿನ ಮೆಟ್ಟಿಲು ಇಳಿದರು. ಶಬ್ದ: ಇಲ್ಲ. ಶಬ್ದ: ಇಲ್ಲ. ಹದಿನೈದನೇ ಸಾಲಿನಲ್ಲಿ, 'ಗಾಜನೂರಿನ ಟೀಚರ್, ಎರಡೂ ಮಂಡಿ, ಶುಗರ್ ಸಹ ಇದೆ, ವಿಚಾರಿಸಬೇಕು'. ಪುಟದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, 'ಭಯಪಡುವಂಥದ್ದು ಏನೂ ಇಲ್ಲ' ಎಂದು ಬರೆದು, ಅದರ ಕೆಳಗೆ ಅದನ್ನೇ ಮತ್ತೊಮ್ಮೆ ಬರೆದು, ಅದರ ಕೆಳಗೆ ಮತ್ತೂ ಒಮ್ಮೆ ಬರೆದಿದ್ದರು.

ನನ್ನ ಮಂದ ಬುದ್ಧಿಗೆ ಆಗ ಹೊಳೆಯಿತು. ಸಾರಿಗೆ ಉಪ್ಪು ಹೆಚ್ಚಾದಾಗ ಮಾವ ಎಂದಾದರೂ 'ನೋನ್ ಮಿ ಕಾಲೆ' ಎಂದಿದ್ದರೇ? ಇಲ್ಲ, ಸುಮ್ಮನೆ ಉಂಡಿದ್ದರು. ಬೀದಿಯಲ್ಲಿ ಚಟಕ್ಕೆ ಎಷ್ಟೇ ಹೇಳಲಿ, ಮನೆಯಲ್ಲಿ ಅದನ್ನು ಹೇಳುತ್ತಿದ್ದದ್ದು ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ, ನನ್ನ ಮಗಳ ರಿಸಲ್ಟ್ ಬರುವ ದಿನ, ಅತ್ತೆಗೆ ಜ್ವರ ಬಂದಾಗ. ಎಲ್ಲಿ ಬಿಸಿ ಜಾಸ್ತಿಯೋ ಅಲ್ಲಿ ಆ ಶಬ್ದ! ನಾಲ್ಕು ವರ್ಷ ವ್ಯುತ್ಪತ್ತಿ ಚರ್ಚೆ ಮಾಡಿದ ನಾನು ಪ್ರಯೋಗವನ್ನು ಗಮನಿಸಿರಲಿಲ್ಲ.

ನೋಟ್‌ಬುಕ್ ತಂದು ಅತ್ತೆಯ ತೊಡೆಯ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ಇವರಿಗೆ ಬುದ್ಧಿ ಇದೆಯೇನೆ? ಆ ಕ್ರೇನಿನವರಿಗೆ ಎಪ್ಪತ್ತೈದು ವರ್ಷ!" ಎಂದರು. ಪುಟದ ಕೊನೆಗೆ ಬಂದ ಮೇಲೆ ಕನ್ನಡಕ ತೆಗೆದು ನೋಟ್‌ಬುಕ್ ಮುಚ್ಚಿದರು. ಆಮೇಲೆ, "ಆ ಡಾಕ್ಟ್ರಿಗೆ ಫೋನ್ ಹಚ್ಚು" ಎಂದರು.

ಆಪರೇಷನ್ ದಿನ ಬೆಳಗ್ಗೆ ಸವಳಂಗ ರಸ್ತೆಯ ಆಸ್ಪತ್ರೆಗೆ ನಾವು ಮೂವರೂ ಏಳು ಗಂಟೆಗೇ ಹಾಜರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಫಾರಂಗೆ ಸಹಿ ಮಾಡಿದರು. ನರ್ಸ್ ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಹತ್ತು ಗಂಟೆಗೆ ಹಸಿರು ಗೌನ್ ತೊಡಿಸಿ ಅತ್ತೆಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ಬಂದದ್ದೇ ಅತ್ತೆ, "ನಿಲ್ಸಿ!" ಎಂದರು.

ನರ್ಸ್ ಗಾಬರಿಯಾದಳು. "ಏನಾಯ್ತು ಅಜ್ಜಿ?"

"ಇವರು ಇನ್ನೂ ಹೇಳಿಲ್ಲ." ಅತ್ತೆ ಮಾವನ ಕಡೆ ತಿರುಗಿದರು. "ಬೆಳಗ್ಗೆಯಿಂದ ಒಂದು ಸಲಾನೂ ಅದನ್ನ ಹೇಳಿಲ್ಲ ನೀವು. ಯಾಕೆ? ಡಾಕ್ಟ್ರು ನಿಮಗೆ ಏನಾದ್ರೂ ಹೇಳಿದ್ರಾ? ನಂಗೆ ಭಯ ಆಗ್ತಿದೆ ಕಣ್ರೀ. ಹೇಳಿ ಅದನ್ನ. ಹೇಳದೇ ಇದ್ರೆ ನಾನು ಒಳಗೆ ಹೋಗಲ್ಲ."

ಎಂಥಾ ಪೇಚು ನೋಡಿ! ಯಾವ ಮಾತು ಕೇಳಿ ಮನೆ ಬಿಟ್ಟು ಬಂದಿದ್ದರೋ ಅದೇ ಮಾತಿಗಾಗಿ ಅತ್ತೆ ಸ್ಟ್ರೆಚರ್ ನಿಲ್ಲಿಸಿ ಹಟ ಹಿಡಿದಿದ್ದರು. ಒಳಗೆ ಡಾಕ್ಟರು ಕೈತೊಳೆದು ನಿಂತಿದ್ದರು. ನರ್ಸ್ ನನ್ನ ಮುಖ ನೋಡಿದಳು, ನಾನು ಮಾವನ ಮುಖ ನೋಡಿದೆ. ಮಾವ ಬಗ್ಗಿ ಅತ್ತೆಯ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ನಾಲ್ಕು ಜನರೆದುರು ಅವರು ಆ ಕೈ ಹಿಡಿದದ್ದನ್ನು ನಾನಂತೂ ನೋಡಿರಲಿಲ್ಲ. ಬಾಯಿ ತೆರೆದರು.

"ಮಿ ಕಾಲೆ" ಎಂದರು.

ಅಷ್ಟೇ. ಮೊದಲಿನ 'ನೋನ್' ಬರಲೇ ಇಲ್ಲ. ವ್ಯಾಕರಣ ತಪ್ಪದ ನಮ್ಮ ಮಾವ ನಾಲ್ಕು ವರ್ಷದಲ್ಲಿ ಮೊದಲ ಸಲ ತಪ್ಪಿದ್ದರು. ಅತ್ತೆ "ಸರಿ, ನಡೀರಿ" ಎಂದು ನರ್ಸಿಗೆ ಹೇಳಿ ಕಣ್ಣು ಮುಚ್ಚಿಕೊಂಡರು. ಬಾಗಿಲು ಹಾಕಿಕೊಂಡಿತು. ಮಾವ ಗೋಡೆ ಕಡೆ ತಿರುಗಿ ನಿಂತು ಕರವಸ್ತ್ರ ತೆಗೆದರು. ನಾನು ನೋಡದವಳಂತೆ ಫೋನ್ ತೆಗೆದುಕೊಂಡೆ, ನನ್ನ ಕಣ್ಣಿಗೂ ಅದರಲ್ಲಿ ಏನೂ ಕಾಣಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅತ್ತೆಯನ್ನು ವಾರ್ಡಿಗೆ ತಂದರು. ಎಲ್ಲ ಚೆನ್ನಾಗಿ ಆಗಿದೆ, ನಾಳೆಯೇ ಎಬ್ಬಿಸಿ ನಿಲ್ಲಿಸುತ್ತೇವೆ ಎಂದರು ಡಾಕ್ಟರು. ಒಬ್ಬರನ್ನೇ ಒಳಗೆ ಬಿಡುತ್ತಿದ್ದರು. ಮಾವ, "ನೀನೇ ಹೋಗು" ಎಂದು ನನ್ನನ್ನು ಕಳಿಸಿ ಹೊರಗಿನ ಬೆಂಚಿನಲ್ಲೇ ಉಳಿದರು. ಅತ್ತೆಗೆ ಎಚ್ಚರವಿತ್ತು. ನನ್ನ ಹೊಟ್ಟೆಯಲ್ಲಿ ಆ ವಿಷಯ ನಿಲ್ಲಬೇಕಲ್ಲ! ಹಾಸಿಗೆಯ ಪಕ್ಕ ಕೂತು, ಪಾಠ ಮಾಡುವ ಚಟಕ್ಕೆ ಎಲ್ಲವನ್ನೂ ವಿವರಿಸಿದೆ. ಬೆಳಗ್ಗೆ ಮಾವ ಅರ್ಧ ಮಾತ್ರ ಹೇಳಿದ್ದು, ಅರ್ಧ ಹೇಳಿದರೆ ಅರ್ಥ ಪೂರ್ತಿ ತಿರುಗಿಕೊಳ್ಳುವುದು, ಹಾಗೆ ಈ ಕಾಲದಲ್ಲಿ ಯಾರೂ ಹೇಳದಿರುವುದು. ಅತ್ತೆ ಸೂರಿನ ಕಡೆ ನೋಡುತ್ತಾ ಅಷ್ಟನ್ನೂ ಕೇಳಿಸಿಕೊಂಡರು. ನನ್ನ ಪಾಠ ಮುಗಿದ ಮೇಲೆ ನನ್ನ ಕಡೆ ಮುಖ ತಿರುಗಿಸಿದರು.

"ಊಟ ಮಾಡಿದ್ರೇನೆ ಅವರು?" ಎಂದರು.

ಮಾಡಿರಲಿಲ್ಲ. ಬೆಳಗ್ಗೆಯಿಂದ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ.